ಚಿನ್ನದ ನಶ್ಯದ ಡಬ್ಬಿ: ಮುದ್ರೆ ಮತ್ತು ಕೀಲು

ಪ್ರಶ್ನೆ: ಪ್ಯಾರಿಸ್‌ನಲ್ಲಿ ನೆಲೆಸಿದ್ದ ನಮ್ಮ ಚಿಕ್ಕಪ್ಪ ಅಲ್ಲಿಯೇ ಕೊಂಡಿದ್ದ ಚಿನ್ನದ ನಶ್ಯದ ಡಬ್ಬಿಯೊಂದು ಈಗ ನನ್ನ ಬಳಿ ಇದೆ. ಅಂಡಾಕಾರದ ಮುಚ್ಚಳದ ಮೇಲೆ ಹಳದಿ, ಕೆಂಪು, ಹಸಿರು ಛಾಯೆಯ ಚಿನ್ನದ ಹೂಮಾಲೆಯಿದೆ. ಒಳಗೆ ಕಿರೀಟವಿರುವ ಅಕ್ಷರಗಳ ಮುದ್ರೆಗಳೂ ಅಂಚಿನಲ್ಲಿ ಹದ್ದಿನ ತಲೆಯ ಪುಟ್ಟ ಮುದ್ರೆಯೂ ಇವೆ. ಇದನ್ನು ಹದಿನೆಂಟನೆಯ ಶತಮಾನದ ಫ್ರೆಂಚ್ ದೊರೆ ಹದಿನಾರನೆಯ ಲೂಯಿಯ ಕಾಲದ ಪ್ಯಾರಿಸ್ ಕೆಲಸವೆಂದು ಹೇಳಬಹುದೇ?

ಉತ್ತರ (ಲೋಹವಸ್ತು ಸಂರಕ್ಷಕರು): ಮುದ್ರೆಗಳಷ್ಟನ್ನೇ ನೋಡಿ ಹೇಳಲಾಗದು. ಹದ್ದಿನ ತಲೆಯು 18 ಕ್ಯಾರೆಟ್ ಚಿನ್ನಕ್ಕೆ ಫ್ರಾನ್ಸಿನಲ್ಲಿ 1838ರಿಂದ ಜಾರಿಗೆ ಬಂದ ಸರ್ಕಾರಿ ಮುದ್ರೆ. ಆದರೆ ಆಮೇಲೆ ಮಾರಾಟಕ್ಕೆ ಬಂದ ಹಳೆಯ ಡಬ್ಬಿಗಳಿಗೂ ಅದನ್ನು ಒತ್ತುತ್ತಿದ್ದರಾದ್ದರಿಂದ, ಅದೊಂದರಿಂದಲೇ ಡಬ್ಬಿ ಹೊಸದೆಂದು ತೀರ್ಮಾನಿಸುವಂತಿಲ್ಲ.

ಹದಿನೆಂಟನೆಯ ಶತಮಾನದ ಪ್ಯಾರಿಸ್‌ನಲ್ಲಿ ಅಕ್ಕಸಾಲಿಗನ ಸ್ವಂತ ಮುದ್ರೆ, ಅಕ್ಕಸಾಲಿಗರ ಸಂಘವು ವರ್ಷವರ್ಷಕ್ಕೆ ಬದಲಿಸುತ್ತಿದ್ದ ಅಕ್ಷರ, ಕೆಲಸ ಅರ್ಧದಲ್ಲಿರುವಾಗ ತೆರಿಗೆ ಗುತ್ತಿಗೆದಾರರು ಒತ್ತುತ್ತಿದ್ದ ಗುರುತು, ತೆರಿಗೆ ಸಂದ ಮೇಲೆ ಒತ್ತುತ್ತಿದ್ದ ಇನ್ನೊಂದು ಚಿಕ್ಕ ಗುರುತು, ಇವೆಲ್ಲವೂ ಇರಬೇಕಿತ್ತು. ಸ್ವಂತ ಮುದ್ರೆಯಲ್ಲಿ ಕಿರೀಟ ತೊಟ್ಟ ಲಿಲ್ಲಿ ಹೂ, ಎರಡು ಚುಕ್ಕೆ ಮತ್ತು ಹೆಸರಿನ ಮೊದಲಕ್ಷರಗಳಿರುತ್ತವೆ. ಮುಚ್ಚಳ, ತಳ, ಗೋಡೆ ಮೂರರಲ್ಲೂ ಮುದ್ರೆ ನೋಡಿ, ಅವು ಒಂದಕ್ಕೊಂದು ಹೊಂದುತ್ತವೆಯೇ ಎಂದು ಪರೀಕ್ಷಿಸಿ. ಜರ್ಮನಿಯ ಹನಾವ್‌ನ ಕುಶಲಕರ್ಮಿಗಳು ಪ್ಯಾರಿಸ್ ಮುದ್ರೆಗಳನ್ನು ಹೋಲುವ ಗುರುತುಗಳನ್ನು ಧಾರಾಳವಾಗಿ ಬಳಸಿದ್ದಾರೆ. ಅವರ ಕೆಲಸವೂ ಕಳಪೆಯೇನಲ್ಲ, ಬೆಲೆ ಮಾತ್ರ ಬೇರೆ.

ನಾನಾದರೆ ಮೊದಲು ಕೀಲನ್ನು ನೋಡುತ್ತೇನೆ. ಒಳ್ಳೆಯ ಡಬ್ಬಿಯಲ್ಲಿ ಚಿನ್ನದ ಸಣ್ಣ ಕೊಳವೆಗಳನ್ನು ಒಂದು ಬಿಟ್ಟೊಂದರಂತೆ ಮುಚ್ಚಳಕ್ಕೂ ಗೋಡೆಗೂ ಬೆಸೆದು, ನಡುವೆ ಕಡ್ಡಿಯೊಂದನ್ನು ತೂರಿಸಿ, ಹೊರಮೈಯನ್ನು ಅರದಿಂದ ಗೋಡೆಯ ಮಟ್ಟಕ್ಕೆ ತಂದಿರುತ್ತಾರೆ. ಮುಚ್ಚಿದಾಗ ಕೀಲೆಲ್ಲಿದೆಯೆಂದು ಉಗುರಿಗೂ ತಿಳಿಯಬಾರದು. ನಶ್ಯ ಗಾಳಿಗೆ ಒಣಗುವ ವಸ್ತುವಾದುದರಿಂದ ಈ ಬಿಗಿ ಬರೀ ಅಲಂಕಾರವಲ್ಲ. ಕೀಲಿನ ಸುತ್ತ ಬೂದು ಬಣ್ಣದ ಬೆಸುಗೆ ಕಂಡರೆ ಅದು ಸೀಸದ್ದು, ಯಾರೋ ಆಮೇಲೆ ಮಾಡಿದ ದುರಸ್ತಿ. ಚಿನ್ನಕ್ಕೆ ಇದಕ್ಕಿಂತ ದೊಡ್ಡ ಅನ್ಯಾಯ ನನಗೆ ಕಂಡಿಲ್ಲ.

ಹೂಮಾಲೆಯ ಬಣ್ಣಗಳು ಮಿಶ್ರಲೋಹದಿಂದ ಬಂದವು. ತಾಮ್ರ ಹೆಚ್ಚಿದರೆ ಕೆಂಪು, ಬೆಳ್ಳಿ ಹೆಚ್ಚಿದರೆ ಹಸಿರು. ಪ್ರತಿ ಎಲೆಯನ್ನೂ ಬೇರೆ ಬೇರೆಯಾಗಿ ಮಾಡಿ, ಬೆಸೆದು, ಆಮೇಲೆ ಉಳಿಯಿಂದ ತಿದ್ದಿರುತ್ತಾರೆ. ಭೂತಗನ್ನಡಿಯಲ್ಲಿ ಎಲೆಯ ಅಂಚು ಹಿಡಿದು ನೋಡಿದರೆ ಸಂದು ಕಾಣಬೇಕು. ಬಣ್ಣ ಮೇಲಷ್ಟೇ ಇದ್ದರೆ ಅದು ಲೇಪ. ಜೊತೆಗೆ ಚಿನ್ನದ ಶುದ್ಧತೆಯನ್ನು ಎಕ್ಸ್‌ರೇ ಉಪಕರಣದಿಂದ ಅಳೆಯಿಸಿ. 1721ರಿಂದ ಪ್ಯಾರಿಸ್‌ನ ಇಂಥ ಚಿಕ್ಕ ಕೆಲಸಗಳಿಗೆ 20¼ ಕ್ಯಾರೆಟ್, ಅಂದರೆ ಶೇಕಡ 84ರಷ್ಟು ಚಿನ್ನ, ನಿಗದಿಯಾಗಿತ್ತು.

ಇನ್ನೊಬ್ಬ ಸದಸ್ಯರ ಪ್ರಶ್ನೆ: ಇಂಥ ಕೆಲವು ನಶ್ಯದ ಡಬ್ಬಿಗಳಿಗೆ ವಜ್ರ ಕೂರಿಸಿರುತ್ತಾರಲ್ಲ, ನಶ್ಯ ಹಾಕುವ ಡಬ್ಬಿಗೆ ವಜ್ರಗಳೇಕೆ?

ಉತ್ತರ: ಅಂಥ ಡಬ್ಬಿಗಳಲ್ಲಿ ಹಲವು ನಶ್ಯವನ್ನು ಕಂಡೇ ಇಲ್ಲ. ಅವು ರಾಜರು ರಾಯಭಾರಿಗಳಿಗೆ ಕೊಡುತ್ತಿದ್ದ ಉಡುಗೊರೆಗಳು. ಪಡೆದವರು ಎಷ್ಟೋ ಸಲ ಅವನ್ನು ಆಭರಣಕಾರನಿಗೇ ಮರಳಿ ಮಾರಿ ಹಣ ಮಾಡಿಕೊಳ್ಳುತ್ತಿದ್ದರು. ಅಮೆರಿಕದ ರಾಯಭಾರಿ ಬೆಂಜಮಿನ್ ಫ್ರಾಂಕ್ಲಿನ್ 1785ರಲ್ಲಿ ಫ್ರಾನ್ಸ್ ಬಿಟ್ಟು ಹೊರಟಾಗ ಹದಿನಾರನೆಯ ಲೂಯಿ ತನ್ನ ಚಿತ್ರದ ಸುತ್ತ 408 ವಜ್ರಗಳಿದ್ದ ಉಡುಗೊರೆಯನ್ನು ಕೊಟ್ಟನು. ಆ ವಜ್ರಗಳಿಂದ ಒಡವೆ ಮಾಡಿಸಬಾರದೆಂದು ಫ್ರಾಂಕ್ಲಿನ್ ತಮ್ಮ ಮಗಳಿಗೆ ಉಯಿಲಿನಲ್ಲಿ ಕೋರಿದ್ದರು. ಆಕೆ ಒಡವೆ ಮಾಡಿಸಲಿಲ್ಲ, ಕೆಲವನ್ನು ಮಾರಿ ಇಂಗ್ಲೆಂಡ್ ಪ್ರವಾಸಕ್ಕೆ ಹೋದರು!

ಮೊದಲ ಸದಸ್ಯರು: ಮಂಕಾಗಿರುವ ಡಬ್ಬಿಗೆ ನಮ್ಮ ಅಕ್ಕಸಾಲಿಗರಿಂದ ಒಪ್ಪ ಹಾಕಿಸಬಹುದೇ?

ಉತ್ತರ: ಬೇಡ. ಒಪ್ಪ ಹಾಕುವ ಚಕ್ರ ಕೆತ್ತನೆಯ ಚೂಪನ್ನು ಸವೆಸುತ್ತದೆ, ಮುದ್ರೆಗಳನ್ನೂ ಅಳಿಸುತ್ತದೆ. ಎನಾಮಲ್ (ಗಾಜಿನಂಥ ಬಣ್ಣದ ಲೇಪ) ಇದ್ದರೆ ಆ ಭಾಗವನ್ನು ನೀರಿನಲ್ಲಿ ಅದ್ದಲೂಬೇಡಿ, ಬಿರುಕಿದ್ದರೆ ತೇವ ಒಳಗಿಳಿಯುತ್ತದೆ. ಒಣ, ಮೃದು ಕುಂಚದಿಂದ ಧೂಳು ತೆಗೆದು, ಮುಚ್ಚಳ ತೆರೆದ ಸ್ಥಿತಿಯಲ್ಲಿ ಕೀಲಿನ ಮತ್ತು ಎಲ್ಲ ಮುದ್ರೆಗಳ ಸಮೀಪದ ಚಿತ್ರಗಳನ್ನು ಇಲ್ಲಿ ಹಾಕಿ.