ಜೈಂಟ್ಸ್ ಕಾಸ್‌ವೇ ಟ್ರಾಮ್: ಕರೆಂಟು ಕಂಬಿಯಿಂದಲೋ, ತಂತಿಯಿಂದಲೋ?

ಬೆಣ್ಣೆನಗರಿ (ದಾವಣಗೆರೆ):
ಕಾಲೇಜಿನ ವಸ್ತುಪ್ರದರ್ಶನಕ್ಕೆ ಉತ್ತರ ಐರ್ಲೆಂಡಿನ ಈ ಕಡಲತೀರದ ಟ್ರಾಮಿನ ಮಾದರಿ ಮಾಡ್ತಿದ್ದೀವಿ. ಪಕ್ಕದ ಕಂಬಿಯಿಂದ ಕರೆಂಟು ಅಂತ ಓದಿದ್ವಿ, ಆದರೆ ಕೆಲವು ಫೋಟೋಗಳಲ್ಲಿ ಮೇಲೆ ತಂತಿ ಐತಿ. ಯಾವುದು ಸರಿ? ‘ಜಗತ್ತಿನ ಮೊದಲ ಎಲೆಕ್ಟ್ರಿಕ್ ಟ್ರಾಮ್’ ಅಂತ ಬೋರ್ಡ್ ಹಾಕಬಹುದಾ?

ಕೋಟೆನಾಡು (ಚಿತ್ರದುರ್ಗ):
ಎರಡೂ ಸರಿ, ಕಾಲ ಬೇರೆ. 1883ರಿಂದ ಪಕ್ಕದ ಕಂಬಿ, 1899ರಿಂದ ಮೇಲಿನ ತಂತಿ. ಬೋರ್ಡ್ ಮಾತ್ರ ಹಾಗೆ ಬರೀಬೇಡಿ. ಬರ್ಲಿನ್ ಪಕ್ಕದ ಲಿಖ್ಟರ್‌ಫೆಲ್ಡೆಯಲ್ಲಿ 1881ರಲ್ಲೇ ಓಡಿತ್ತು. ಕಡಲ ದಂಡೆಯಲ್ಲೂ ಬ್ರೈಟನ್ನಿನ ಮ್ಯಾಗ್ನಸ್ ವೋಕ್ 1883ರ ಆಗಸ್ಟಿನಲ್ಲೇ ಶುರುಮಾಡಿದ್ದರು. ಇದರ ಉದ್ಘಾಟನೆ ಸೆಪ್ಟೆಂಬರ್ 28ಕ್ಕೆ.

ಇದರ ಹೆಚ್ಚುಗಾರಿಕೆ ಇರೋದು ನೀರಿನಲ್ಲಿ. ಎಂಜಿನಿಯರ್ ವಿಲಿಯಂ ಟ್ರೇಲ್ ಬುಷ್ ನದಿಯ ವಾಕ್‌ಮಿಲ್ಸ್‌ನಲ್ಲಿ ಟರ್ಬೈನ್ ಕೂರಿಸಿ ಟ್ರಾಮ್ ಓಡಿಸಿದರು. ನಮ್ಮ ಶಿವನಸಮುದ್ರದ ಕರೆಂಟು ಬಂದಿದ್ದು 1902ರಲ್ಲಿ! ಬೋರ್ಡ್ ಮೇಲೆ ಇದನ್ನೇ ದೊಡ್ಡದಾಗಿ ಬರೀರಿ. ಪೋರ್ಟ್‌ರಶ್‌ನಿಂದ 1883ರಲ್ಲಿ ಬುಷ್‌ಮಿಲ್ಸ್‌ವರೆಗೆ, 1887ರಲ್ಲಿ ಕಾಸ್‌ವೇವರೆಗೆ: ಒಟ್ಟು ಸುಮಾರು 15 ಕಿ.ಮೀ., ದಾವಣಗೆರೆ–ಹರಿಹರದಷ್ಟು.

ಬಾತಿ ವೈರಿಂಗ್:
ಕಂಬಿ ಇದ್ದದ್ದು ರಸ್ತೆ ಬದಿಗಲ್ಲ, ಬೇಲಿ ಬದಿಗೆ. ನೆಲದಿಂದ ಸುಮಾರು ಒಂದೂವರೆ ಅಡಿ ಎತ್ತರ, 250 ವೋಲ್ಟ್ ಡಿಸಿ, ಮೇಲೆ ಮುಚ್ಚಿಗೆ ಇಲ್ಲ. 1895ರಲ್ಲಿ ಸೈಕಲ್ ಸವಾರನೊಬ್ಬ ಅದನ್ನು ಮುಟ್ಟಿ ಸತ್ತ. ಆಮೇಲೆ ತಂತಿಗೆ ಬದಲಾಯಿಸಲೇಬೇಕಾಯಿತು. ಪೋರ್ಟ್‌ರಶ್ ಊರೊಳಗೆ ಕಂಬಿ ಹಾಕುವಂತಿರಲಿಲ್ಲ, ಅಲ್ಲಿ ಉಗಿ ಎಂಜಿನ್ ಎಳೀತಿತ್ತು.

ಮಾದರಿಗೆ: ಹಳಿ ಅಗಲ ಮೂರು ಅಡಿ. 1:43.5 ಅಳತೆಯಲ್ಲಿ 21 ಮಿ.ಮೀ., ಕಂಬಿ ಎತ್ತರ 10 ಮಿ.ಮೀ. ಹಿತ್ತಾಳೆ ತಂತಿ, 12 ವೋಲ್ಟ್ ಡಿಸಿ ಸಾಕು. ಕರೆಂಟು ವಾಪಸ್ ಹೋಗೋದು ಓಡುವ ಹಳಿಯಲ್ಲೇ.

ಹೊಲದ ದಾರಿ ಬಂದಲ್ಲೆಲ್ಲ ಕಂಬಿ ತುಂಡಾಗುತ್ತಿತ್ತು. ಆಚೆ-ಈಚೆ ತುದಿಗಳನ್ನು ನೆಲದೊಳಗಿನ ಕೇಬಲ್ ಜೋಡಿಸುತ್ತಿತ್ತು. ನೀವು ಹಲಗೆ ಕೆಳಗೆ ವೈರ್ ಹಾಕಿ. ಗಾಡಿಗೆ ಹಿಂದೊಂದು ಮುಂದೊಂದು ಬ್ರಷ್ (ಕಂಬಿಗೆ ತಾಗಿ ಉಜ್ಜುತ್ತಾ ಕರೆಂಟು ತಗೊಳ್ಳೋ ಲೋಹದ ಪಟ್ಟಿ) ಇರಲಿ. ತೆರಪು ಆ ಎರಡು ಬ್ರಷ್‌ಗಳ ನಡುವಿನ ಅಂತರಕ್ಕಿಂತ ಕಡಿಮೆ ಇರಬೇಕು, ಇಲ್ಲದಿದ್ದರೆ ಗಾಡಿ ಅಲ್ಲೇ ನಿಲ್ಲುತ್ತೆ. ಕಂಬಿ ತುದಿಯನ್ನು ಎರಡು ಮಿ.ಮೀ. ಕೆಳಕ್ಕೆ ಬಾಗಿಸಿ, ನೇರ ಕತ್ತರಿಸಿದರೆ ಬ್ರಷ್ ಸಿಕ್ಕಿಕೊಂಡು ಗಾಡಿ ಹಳಿ ತಪ್ಪುತ್ತೆ.

ಕೋಟೆನಾಡು:
ಒಂದು ಎಚ್ಚರಿಕೆ. ಟ್ರಾಮ್ ನಿಂತಿದ್ದು 1949ರಲ್ಲಿ. ಈಗ ಬುಷ್‌ಮಿಲ್ಸ್–ಕಾಸ್‌ವೇ ನಡುವೆ ಕಾಣೋ ಪ್ರವಾಸಿ ರೈಲು 2002ರದ್ದು, ಎಲೆಕ್ಟ್ರಿಕ್ ಅಲ್ಲ. ಅದರ ವಿಡಿಯೋ ನೋಡಿ ಬ್ರಷ್ ಎಲ್ಲಿ ಅಂತ ಹುಡುಕಬೇಡಿ.