ಸಹಾಯ ಬೇಕು: ಇನ್ಹಿಬಿಟರ್ ಹಾಕಿದ್ರೆ ಕೆಎಂ ಇಳಿಯೋದು ಹೇಗೆ?

ನಮಸ್ಕಾರ. ಡಿಗ್ರಿ ಎರಡನೇ ವರ್ಷ, ಬಯೋಕೆಮಿಸ್ಟ್ರಿ. ಎನ್‌ಜೈಮ್ ಕೈನೆಟಿಕ್ಸ್‌ನಲ್ಲಿ (ಎನ್‌ಜೈಮ್ ಕೆಲಸದ ವೇಗದ ಲೆಕ್ಕ) ಮೂರು ದಿನದಿಂದ ಒಂದೇ ಕಡೆ ಸಿಕ್ಕಿಹಾಕಿಕೊಂಡಿದ್ದೀನಿ.

ಕಾಂಪಿಟಿಟಿವ್ ಇನ್ಹಿಬಿಷನ್ ತಲೆಗೆ ಹೋಗಿದೆ. ಸಬ್‌ಸ್ಟ್ರೇಟ್ (ಎನ್‌ಜೈಮ್ ಬದಲಾಯಿಸೋ ವಸ್ತು) ಜಾಗದಲ್ಲಿ ಇನ್ಹಿಬಿಟರ್ (ತಡೆಯೋ ವಸ್ತು) ಬಂದು ಕೂರುತ್ತೆ, ಕೆಎಂ (ಗರಿಷ್ಠ ವೇಗದ ಅರ್ಧಕ್ಕೆ ಬೇಕಾದ ಸಬ್‌ಸ್ಟ್ರೇಟ್ ಪ್ರಮಾಣ) ಏರುತ್ತೆ, ವಿಮ್ಯಾಕ್ಸ್ (ಗರಿಷ್ಠ ವೇಗ) ಹಾಗೇ ಇರುತ್ತೆ. ಅನ್‌ಕಾಂಪಿಟಿಟಿವ್‌ನಲ್ಲಿ ಮಾತ್ರ ಎರಡೂ ಇಳಿಯುತ್ತಂತೆ. ಕೆಎಂ ಕಡಿಮೆ ಅಂದ್ರೆ ಅಫಿನಿಟಿ (ಸಬ್‌ಸ್ಟ್ರೇಟ್ ಮೇಲಿನ ಹಿಡಿತ) ಜಾಸ್ತಿ ಅಂತ ಮೊದಲ ಕ್ಲಾಸಿಂದ ಉರು ಹೊಡೆದಿದ್ದೀವಲ್ಲ! ತಡೆಯೋಕೆ ಬಂದವನೇ ಹಿಡಿತ ಬಿಗಿ ಮಾಡ್ತಾನಾ?

ಲೈನ್‌ವೀವರ್-ಬರ್ಕ್ ಗ್ರಾಫ್ (1/ಸಬ್‌ಸ್ಟ್ರೇಟ್‌ಗೆ ಎದುರಾಗಿ 1/ವೇಗ) ಹಾಕಿ ನೋಡ್ದೆ, ಇನ್ಹಿಬಿಟರ್ ಇದ್ದಾಗಿನ, ಇಲ್ಲದಾಗಿನ ಗೆರೆಗಳು ಸಮಾನಾಂತರವಾಗೇ ಬಂದವು. ಲೆಕ್ಕಾನೂ ಮಾಡ್ದೆ: ವಿಮ್ಯಾಕ್ಸ್ 100, ಕೆಎಂ 4 ಇದ್ದದ್ದು 50, 2 ಆಯ್ತು ಅಂದ್ಕೊಳ್ಳಿ. ಸಬ್‌ಸ್ಟ್ರೇಟ್ 0.1 ಇದ್ದಾಗ ವೇಗ 2.44ರಿಂದ 2.38ಕ್ಕೆ, ಅಂದ್ರೆ ಇಳಿದಿದ್ದೇ ಗೊತ್ತಾಗಲ್ಲ. 4 ಇದ್ದಾಗ 50ರಿಂದ 33.3ಕ್ಕೆ ಬೀಳುತ್ತೆ. ಸಬ್‌ಸ್ಟ್ರೇಟ್ ಹೆಚ್ಚಾದಷ್ಟೂ ಹೊಡೆತ ಜಾಸ್ತಿ, ಕಾಂಪಿಟಿಟಿವ್‌ಗೆ ಪೂರ್ತಿ ಉಲ್ಟಾ. ಇನ್ಹಿಬಿಟರ್ ಇಎಸ್ ಕಾಂಪ್ಲೆಕ್ಸ್‌ಗೆ (ಎನ್‌ಜೈಮ್, ಸಬ್‌ಸ್ಟ್ರೇಟ್ ಕೂಡಿದ ಜೋಡಿ) ಮಾತ್ರ ಅಂಟೋದ್ರಿಂದ ಹೀಗೆ ಅಂತ ಸೀನಿಯರ್ ಒಬ್ರು ಹೇಳಿದ್ರು. ಸರಿ, ತಲೆಯಾಡಿಸಿ ಬಂದೆ, ಅರ್ಥ ಆಗ್ಲಿಲ್ಲ.

ನನ್ನ ಪ್ರಶ್ನೆ ಇಷ್ಟೇ: ಇಲ್ಲಿ ಅಫಿನಿಟಿ ನಿಜವಾಗ್ಲೂ ಹೆಚ್ಚುತ್ತಾ, ಅಥವಾ ಇಎಸ್ ಖರ್ಚಾಗಿ ಸಮತೋಲನ ಆ ಕಡೆ ವಾಲೋದ್ರಿಂದ ಕೆಎಂ ಬರೀ ಕಡಿಮೆ ಇದ್ದಂತೆ ಕಾಣುತ್ತಾ?