ಕೋಳಿಜುಟ್ಟು ಒಣಗಿಸಿದರೆ ಬೂಷ್ಟು ಬರುತ್ತಿದೆ, ಏನು ಮಾಡಲಿ?

ಪ್ರಶ್ನೆ (ಶಿವಮೊಗ್ಗದಿಂದ): ನಮಸ್ತೆ ಮೇಡಂ. ಮನೆ ಹಿಂದೆ ಕೋಳಿಜುಟ್ಟು ಬೆಳೆದಿದ್ದೇನೆ. ಆ ಕೆಂಪು ನೋಡಿದರೇ ಖುಷಿ. ವರ್ಷವಿಡೀ ಇಟ್ಟುಕೊಳ್ಳೋಣ ಅಂತ ಆಗಸ್ಟ್‌ನಲ್ಲಿ ಕೊಯ್ದು ಅಡುಗೆಮನೆಯಲ್ಲಿ ತಲೆಕೆಳಗಾಗಿ ಕಟ್ಟಿದೆ. ಒಳಗೆಲ್ಲ ಬೂಷ್ಟು ಹಿಡಿದು ಕಪ್ಪಾಯಿತು. ಕೆಲವು ಗಿಡಗಳಂತೂ ಗೇಣುದ್ದ ಆಗುವಷ್ಟರಲ್ಲೇ ಪುಟ್ಟ ಹೂ ಬಿಟ್ಟು ಅಲ್ಲಿಗೇ ನಿಂತವು. ಏನಾದರೂ ಔಷಧಿ ಹೊಡೆಯಬೇಕಾ?

ಉತ್ತರ: ನಮಸ್ತೆ. ಔಷಧಿ ಬೇಡ, ಬಿತ್ತುವ ತಿಂಗಳು ಬದಲಿಸಿ. ಕೋಳಿಜುಟ್ಟಿನ ಮಡಿಕೆಗಳಲ್ಲಿ ಮಳೆನೀರು ನಿಲ್ಲುತ್ತದೆ, ಹಾಗಾಗಿ ನಿಮ್ಮ ಕಡೆಯ ಆಗಸ್ಟ್‌ನಲ್ಲಿ ಕೊಳೆ ಗಿಡದ ಮೇಲೇ ಶುರುವಾಗಿರುತ್ತದೆ, ಆಮೇಲೆ ಎಲ್ಲಿ ಕಟ್ಟಿದರೂ ಅಷ್ಟೇ. ಅಡುಗೆಮನೆಯ ಹಬೆ ಬೇರೆ. ಬಿತ್ತಿದ ಮೇಲೆ ಕೊಯ್ಲಿಗೆ ಸುಮಾರು 3 ತಿಂಗಳು ಬೇಕು. ಸೆಪ್ಟೆಂಬರ್ ಕೊನೆಗೆ ಬಿತ್ತಿದರೆ ಹೂ ಒಣಹವೆಗೆ ಸಿಗುತ್ತದೆ. ಒಂದು ಮಾತು, ಹಗಲು ಚಿಕ್ಕದಾದಾಗ ಈ ಗಿಡ ಬೇಗ ಹೂವಿಗೆ ಬರುತ್ತದೆ, ಕಾಂಡ ಸ್ವಲ್ಪ ಗಿಡ್ಡವಾಗುತ್ತದೆ. ಅದಕ್ಕೇ ಕುಂಡದ ಗಿಡ್ಡ ತಳಿ ಬೇಡ, ಎತ್ತರದ ತಳಿಯ ಬೀಜ ಕೇಳಿ ತನ್ನಿ.

ಗೇಣುದ್ದಕ್ಕೇ ಹೂ ಬಿಟ್ಟಿದ್ದು ಸಸಿಗೆ ಚಿಕ್ಕಂದಿನಲ್ಲಿ ಆದ ಕಷ್ಟದಿಂದ. ಟ್ರೇಯಲ್ಲಿ ಜಾಸ್ತಿ ದಿನ ಉಳಿದು ಬೇರು ಸುತ್ತಿಕೊಂಡರೆ, ಅಥವಾ ಒಮ್ಮೆ ಚೆನ್ನಾಗಿ ಬಾಡಿದರೆ, ಗಿಡ ಅವಸರಕ್ಕೆ ಮೊಗ್ಗು ಕಟ್ಟುತ್ತದೆ. ಮೊಗ್ಗು ಕಟ್ಟಿದ ಮೇಲೆ ಗೊಬ್ಬರ ಸುರಿದರೂ ಎತ್ತರ ಬರೋದಿಲ್ಲ. 3-4 ವಾರಕ್ಕೆ, ಬೇರಿನ ಮಣ್ಣು ಉದುರದಂತೆ ನೆಟ್ಟುಬಿಡಿ.

ಇನ್ನು ಕುಡಿ ಚಿವುಟೋದು. ದಪ್ಪ ಜುಟ್ಟಿನ ಜಾತಿಗೆ ಚಿವುಟಬೇಡಿ, ಒಂದು ಗಿಡಕ್ಕೆ ಒಂದೇ ದೊಡ್ಡ ಹೂ ಬರಲಿ, ಅರ್ಧ ಅಡಿ ಅಂತರ ಸಾಕು. ಕುಚ್ಚಿನ ಹಾಗೆ ಮೇಲಕ್ಕೆ ನಿಲ್ಲುವ ಜಾತಿಗೆ ಚಿವುಟಿದರೆ ಕವಲು ಬರುತ್ತವೆ, ಅದಕ್ಕೆ ಒಂದಡಿ ಕೊಡಿ. ನೀರು ನಿಲ್ಲುವ ಜಾಗದಲ್ಲಿ ಎರಡೂ ಬೇರು ಕೊಳೆತು ಸಾಯುತ್ತವೆ.

ಪ್ರಶ್ನೆ: ಕೊಯ್ಯೋಕೆ ಸರಿಯಾದ ಸಮಯ ಹೇಗೆ ಗೊತ್ತಾಗುತ್ತೆ ಮೇಡಂ? ಅರ್ಧ ಅರಳಿದಾಗ ಕೊಯ್ಯಬಹುದಾ?

ಉತ್ತರ: ಬೇಡ. ಕೊಯ್ದ ಮೇಲೆ ಇದು ಅರಳೋದಿಲ್ಲ. ಪೂರ್ತಿ ಬಣ್ಣ ಬರಲಿ, ಹೂವಿನ ಕೆಳಗೆ ಕಾಂಡ ಹಿಡಿದು ಅಲ್ಲಾಡಿಸಿ, ಕತ್ತು ಬಾಗದೆ ನೆಟ್ಟಗೆ ನಿಂತರೆ ಕೊಯ್ಯಿರಿ. ಬೀಜ ಉದುರಲು ಬಿಡಬೇಡಿ. ಇಬ್ಬನಿ ಆರಿದ ಮೇಲೆ ಕೊಯ್ದು ಎಲ್ಲಾ ಎಲೆ ಕಿತ್ತುಬಿಡಿ. ಹೂದಾನಿಗಾದರೂ ಅಷ್ಟೇ, ಮೊದಲು ಬಾಡೋದು ಎಲೆಗಳೇ. ಎರಡು ದಿನಕ್ಕೊಮ್ಮೆ ನೀರು ಬದಲಿಸಿದರೆ ಒಂದು ವಾರ ಆರಾಮಾಗಿ ಇರುತ್ತದೆ.

ಒಣಗಿಸಲು ಕತ್ತಲೆ ಬೇಕು, ಗಾಳಿಯೂ ಆಡಬೇಕು. ಬಿಸಿಲಿಗೆ ಹಾಕಿದರೆ ಬಣ್ಣ ಹೋಗುತ್ತದೆ. ದಪ್ಪ ಜುಟ್ಟು ಒಂದೊಂದೇ ಕಟ್ಟಿ, ಕುಚ್ಚಿನವನ್ನು ನಾಲ್ಕೈದು ಸೇರಿಸಿದರೂ ನಡೆಯುತ್ತದೆ. ಕಾಂಡ ಒಣಗುತ್ತಾ ತೆಳ್ಳಗಾಗಿ ದಾರದಿಂದ ಜಾರುತ್ತದೆ, ರಬ್ಬರ್ ಬ್ಯಾಂಡ್ ಹಾಕಿ. 2-3 ವಾರ ಬೇಕು. ಕಾಂಡ ಪಟ್ ಅಂತ ಮುರಿದರೆ ಆಯಿತು.

ಮತ್ತೊಬ್ಬ ಸದಸ್ಯರು (ತುಮಕೂರಿನಿಂದ): ಒಣಗಿಸಲು ಸಿಲಿಕಾ ಜೆಲ್ (ತೇವ ಹೀರುವ ಹರಳು) ಬೇಕಾ ಮೇಡಂ? ನಮ್ಮ ಹೊಲದ ಬದುವಿನಲ್ಲಿ ಅಣ್ಣೆ ಸೊಪ್ಪು ತುಂಬ ಇದೆ, ಅದರ ಹೂವೂ ಹೀಗೇ ಕಾಣುತ್ತದೆ.

ಉತ್ತರ: ಈ ಹೂವಿಗೆ ಸಿಲಿಕಾ ಜೆಲ್ ದುಡ್ಡು ದಂಡ, ಸುಮ್ನೆ ಕಟ್ಟಿದರೆ ಸಾಕು. ಅಣ್ಣೆ ಸೊಪ್ಪು ಕೋಳಿಜುಟ್ಟಿನ ಕಾಡು ರೂಪವೇ! ಅದರ ತಿಳಿಗುಲಾಬಿ ತೆನೆ ಚೆನ್ನಾಗಿ ಒಣಗುತ್ತದೆ, ಕಳೆ ಅಂತ ಎಸೆಯುವ ಮೊದಲು ಒಂದು ಕಟ್ಟು ಕೊಯ್ದುಕೊಳ್ಳಿ. ಎರಡಕ್ಕೂ ಕೆಳಗೆ ಪೇಪರ್ ಹಾಸಿ, ಕಪ್ಪು ಹೊಳಪಿನ ಸಣ್ಣ ಬೀಜ ಉದುರುತ್ತವೆ. ಕೋಳಿಜುಟ್ಟಿನ ಬೀಜ ಮುಂದಿನ ಬಾರಿಗೆ ಎತ್ತಿಡಿ. ಆದರೆ ಹೈಬ್ರಿಡ್ ಗಿಡದ ಬೀಜದಿಂದ ಅದೇ ಹೂ ಬರುವ ಭರವಸೆ ಇಲ್ಲ, ಆ ತಳಿಯೇ ಬೇಕಿದ್ದರೆ ಹೊಸ ಪ್ಯಾಕೆಟ್ ತರಬೇಕು.